ಯಳಂದೂರಿನ ಮನೆಬಾಗಿಲಲ್ಲಿ ಎಣಿಸಿದ ಕಾಯಿಲೆಗಳು

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನಲ್ಲಿ ಮೂರ್ಛೆರೋಗಿಗಳನ್ನು ಹುಡುಕಿ ಮನೆಮನೆ ಸುತ್ತಿದ ಸಮೀಕ್ಷೆ ತಲುಪಿದ್ದು 64,963 ಜನರನ್ನು. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರ ಈ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಸಾವಿರಕ್ಕೆ 4.63 ಮಂದಿಗೆ ಮೂರ್ಛೆ ಇತ್ತು. ಅಂದರೆ ಸುಮಾರು 300 ಜನ. ಹೊಸದಾಗಿ ರೋಗ ಕಾಣಿಸಿಕೊಳ್ಳುವವರು ವರ್ಷಕ್ಕೆ ಲಕ್ಷಕ್ಕೆ 49.3, ಈ ಜನಸಂಖ್ಯೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ 32 ಜನ.

ಎಣಿಸಿ ಸುಮ್ಮನಾಗಲಿಲ್ಲ ಎಂಬುದೇ ಈ ಅಧ್ಯಯನದ ಹೆಚ್ಚುಗಾರಿಕೆ. 1912ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್, 1938ರಿಂದ ಇರುವ ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳನ್ನು ಹಳ್ಳಿಯಲ್ಲೇ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿದರು. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಫಿಟ್ಸ್ ಹತೋಟಿಗೆ ಬಂತು. ಅದುವರೆಗೆ 30ಕ್ಕಿಂತ ಹೆಚ್ಚು ಸಲ ಫಿಟ್ಸ್ ಬಂದಿರದವರಿಗೆ ಗುಣ ಹೆಚ್ಚು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಈ ಚಿಕಿತ್ಸೆಯ ಫಲಿತಾಂಶವನ್ನು ಯಳಂದೂರಿನ ಹೆಸರಿನಲ್ಲೇ ಪ್ರಕಟಿಸಿತು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸುತ್ತಾ ದಿನ ದೂಡುವ ಮನೆಯವರು ತಿಳಿಯಬೇಕಾದದ್ದು ಇದೇ: ಬೇಗ ಮಾತ್ರೆ ಶುರು ಮಾಡಿದಷ್ಟೂ ಒಳ್ಳೆಯದು.

ನಮ್ಮ ಸೀಮೆಗೇ ಹೆಚ್ಚು ಅಂಟಿಕೊಂಡ ಇನ್ನೊಂದು ಬಗೆಯಿದೆ. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ಮೊಗೆದು ಮೇಲಿಂದ ಮೇಲೆ ತಲೆಗೆ ಹುಯ್ದುಕೊಳ್ಳುವಾಗ ಬರುವ ಮೂರ್ಛೆ. ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ. ಮಣಿಯವರು 1960ರ ದಶಕದಲ್ಲೇ ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್ ವೈದ್ಯರು 279 ರೋಗಿಗಳ ವಿವರ ಪ್ರಕಟಿಸಿದರು.

ಮೂರ್ಛೆಯಂತೆ ಕುಷ್ಠದ ಅಂಕಿಗಳೂ ಯಳಂದೂರಿನವೇ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಎಚ್. ಸುದರ್ಶನ್, 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದ್ದು ಯಳಂದೂರಿನ ಕುಷ್ಠ ನೋಡಿಯೇ. ಟ್ರಸ್ಟಿನ ಲೆಕ್ಕದಲ್ಲಿ 1987ರಲ್ಲಿ ಸಾವಿರಕ್ಕೆ 21.4 ರೋಗಿಗಳು, 2005ರಲ್ಲಿ 0.28. ಎಪ್ಪತ್ತು ಪಟ್ಟಿಗೂ ಮಿಕ್ಕ ಇಳಿಕೆ. ಆದರೂ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂಬ ರಾಷ್ಟ್ರೀಯ ಗುರಿಗೆ ಹೋಲಿಸಿದರೆ ಅದು 2.8. ಮೆಚ್ಚುವಾಗ ಇದನ್ನೂ ನೆನೆಯಬೇಕು.

ಇನ್ನುಳಿದಿರುವುದು ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿನ (ಹಾಡಿಗಳಲ್ಲಿನ) ಕುಡಗೋಲು ಕಣ ರಕ್ತಹೀನತೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ. 25, ವಾಹಕವಾಗುವ ಸಾಧ್ಯತೆ ಶೇ. 50. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಹನೂರು, ಕೊಳ್ಳೇಗಾಲದ ಕಾಡಂಚಿನ ಪೋಡುಗಳು ಆ ಪಟ್ಟಿಯ ಕೊನೆಗೆ ಬೀಳಕೂಡದು.

ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ವರ್ಷಕ್ಕೆ 150 ವಿದ್ಯಾರ್ಥಿಗಳು ಸೇರುತ್ತಾರೆ. ಕುಟುಂಬ ದತ್ತು ಕಾರ್ಯಕ್ರಮದಡಿ ಒಬ್ಬೊಬ್ಬರು ಮೂರು ಕುಟುಂಬ ನೋಡಿಕೊಂಡರೂ 450 ಕುಟುಂಬಗಳಾದವು. ಪ್ರಾಧ್ಯಾಪಕರು ಸಂಶೋಧನೆಯ ವಿಷಯ ಹುಡುಕುವಾಗ ದಯವಿಟ್ಟು ಯಳಂದೂರು, ಹನೂರು, ಕೊಳ್ಳೇಗಾಲ ಈ ಮೂರು ತಾಲ್ಲೂಕುಗಳ ಪೋಡುಗಳಿಂದಲೇ ಶುರು ಮಾಡಲಿ.