ಪಿಸಿಓಎಸ್: ತಾಯಿಯಿಂದ ಮಾತ್ರ ಬರುವ ಬಳುವಳಿಯಲ್ಲ

ಎರಡು ಮೂರು ತಿಂಗಳಿಗೊಮ್ಮೆ ಮುಟ್ಟು, ಗಲ್ಲದ ಮೇಲೆ ಕೂದಲು, ಕುತ್ತಿಗೆಯ ಹಿಂದೆ ಕಪ್ಪು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲೇ ಇರಲಿ, ಇಂಥ ಹುಡುಗಿಗೆ ಹಿರಿಯರ ಸಮಾಧಾನ ಒಂದೇ: ‘ಮದುವೆಯಾದರೆ ಸರಿಹೋಗುತ್ತೆ.’

ಹೋಗುವುದಿಲ್ಲ.

ಇವು ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಲಕ್ಷಣಗಳಿರಬಹುದು. ಇದಕ್ಕೆ ವಂಶದ ನಂಟು ಗಟ್ಟಿ. ನೆದರ್ಲೆಂಡ್ಸಿನ ಅವಳಿ ಸೋದರಿಯರ ಮೇಲೆ ನಡೆದ 2006ರ ಅಧ್ಯಯನವೊಂದು, ಹೆಣ್ಣುಮಕ್ಕಳ ನಡುವೆ ಈ ವಿಷಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ. 70 ಪಾಲನ್ನು ಜೀನುಗಳ ಲೆಕ್ಕಕ್ಕೆ ಹಾಕಿತು. ಆದರೆ ತಪ್ಪಿತಸ್ಥ ಜೀನು ಒಂದಲ್ಲ, ಹಲವು. ಪಿಸಿಓಎಸ್ ಇರುವ ಬಹುತೇಕರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದು. ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಅದು ಅಂಡಾಶಯವನ್ನು ಕೆರಳಿಸಿ ಗಂಡು ಹಾರ್ಮೋನು ಹೆಚ್ಚಿಸುತ್ತದೆ, ಅಂಡ ಬಲಿಯದೆ ಮುಟ್ಟು ತಪ್ಪುತ್ತದೆ. ಈ ಜೀನುಗಳು ಅಪ್ಪನ ಕಡೆಯಿಂದಲೂ ಬರಬಹುದು. ಮೊಮ್ಮಗಳ ತೊಂದರೆಗೆ ಸೊಸೆಯ ತವರನ್ನಷ್ಟೇ ದೂರುವವರು ಇದನ್ನು ಗಮನಿಸಬೇಕು.

ಜೀನು ಒಂದೇ ಕಥೆಯಲ್ಲ ಎಂಬುದಕ್ಕೆ ಸುಳಿವು ಮೈಸೂರಿನಲ್ಲೇ ಇದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ (ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ) 1997–98ರಲ್ಲಿ ಗರ್ಭಿಣಿಯರ ಸಕ್ಕರೆ ಪರೀಕ್ಷೆ ನಡೆಯಿತು. ಶೇ. 6.2 ಮಂದಿಗೆ ಗರ್ಭಾವಸ್ಥೆಯ ಮಧುಮೇಹವಿತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಹೆಚ್ಚು ಕಂಡವು. ಇದು ಪಿಸಿಓಎಸ್ ಅಧ್ಯಯನವಲ್ಲ, ನಿಜ. ಆದರೂ ಗರ್ಭದ ದಿನಗಳ ಪ್ರಭಾವವನ್ನು ತಳ್ಳಿಹಾಕುವಂತಿಲ್ಲ.

ಇನ್ಸುಲಿನ್ ತೊಂದರೆಯ ಕಾರಣ, ಪಿಸಿಓಎಸ್ ಎಂದು ಗೊತ್ತಾದವರು ಆಗಲೇ ಒಮ್ಮೆ, ಬಳಿಕ ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ತೆಳ್ಳಗಿದ್ದರೂ ಬಿಡಬೇಡಿ.