ನೀರೇ ಇಲ್ಲದ ಚಿತ್ರದಲ್ಲಿ ಸೀಗಡಿ ಈಜೋದು ಹೇಗೆ?

ಹೋದ ವಾರ ಹಾರೋಹಳ್ಳಿಯ ಕೇಳುಗರೊಬ್ಬರು ಒಂದು ಫೋಟೋ ಕಳಿಸಿದ್ರು. ಬಿಳಿ ಕಾಗದ, ಅದರ ಮೇಲೆ ಕಪ್ಪು ಮಸಿಯಲ್ಲಿ ನಾಲ್ಕೈದು ಸೀಗಡಿ, ಅಷ್ಟೇ. ಜೊತೆಗೊಂದು ವಾಯ್ಸ್ ನೋಟ್: 'ಇಂಥದ್ದು ಕೋಟಿಗಟ್ಟಲೆಗೆ ಮಾರಾಟ ಆಗತ್ತಂತೆ. ನಂಗಂತೂ ಮಸಿ ಚೆಲ್ಲಿದ ಹಾಗೆ ಕಾಣ್ತಿದೆ, ನೀವೇ ಹೇಳಿ.'

ಅದು ಚೀನಾದ ಚೀ ಬೈಶಿ ಶೈಲಿಯ ಚಿತ್ರ. ಈ ಹೆಸರು ಹಾಕಿ ನಿಮ್ಮ ಮೊಬೈಲಲ್ಲೂ ಒಂದು ಸೀಗಡಿ ಚಿತ್ರ ತೆಗೀರಿ. ಈಗ ಅದರಲ್ಲಿ ನೀರು ಹುಡುಕಿ.

ಸಿಗಲ್ಲ. ಒಂದು ಅಲೆ ಇಲ್ಲ, ನೀಲಿ ಬಣ್ಣ ಇಲ್ಲ. ಆದ್ರೂ ಆ ಸೀಗಡಿ ಈಜ್ತಿದೆ ಅನ್ನೋದರಲ್ಲಿ ನಿಮಗೆ ಅನುಮಾನವೇ ಬರಲ್ಲ, ಅಲ್ವಾ?

ಸ್ವಲ್ಪ ಜೂಮ್ ಮಾಡಿ. ಮೈಗೆ ನೀರು ಬೆರೆಸಿದ ತೆಳು ಮಸಿ. ಒಂದೊಂದು ಗೆಣ್ಣೂ ಕುಂಚದ ಒಂದೊಂದೇ ಏಟು. ತಲೆಯ ಒಳಗೆ ಮಾತ್ರ ದಟ್ಟ ಕಪ್ಪು. ಆ ಕಪ್ಪಿನಿಂದಲೇ ಉಳಿದ ಮೈ ಗಾಜಿನಂತೆ ಪಾರದರ್ಶಕವಾಗಿ ಕಾಣೋದು. ಮೀಸೆ ನೋಡಿ, ಕೂದಲಿನಷ್ಟು ಸಣ್ಣ, ಸ್ವಲ್ಪ ಬಾಗಿದೆ. ಅದು ಬಾಗಿರೋ ರೀತಿಯಲ್ಲೇ ನೀರಿನ ಸೆಳೆತ ಗೊತ್ತಾಗತ್ತೆ.

ಮಸಿ ಅಂದ್ರೆ ಹೊಗೆಯ ಕಪ್ಪು ಮತ್ತು ಅಂಟು. ಅಜ್ಜಿ ಹರಳೆಣ್ಣೆ ದೀಪದ ಕಪ್ಪು ಹಿಡಿದು ಕಾಡಿಗೆ ಮಾಡ್ತಿದ್ರಲ್ಲ, ಅದರ ದಾಯಾದಿ ಅನ್ನಿ. ಒಣಗಿದ ಮಸಿ ಕಡ್ಡಿಯನ್ನ ಕಲ್ಲಿನ ಮೇಲೆ ನೀರು ಹಾಕಿ ತೇಯ್ತಾರೆ. ಕಾಗದ ಮರದ ತೊಗಟೆ, ಭತ್ತದ ಹುಲ್ಲಿನಿಂದ ಮಾಡಿದ್ದು, ಮುಟ್ಟಿದ ತಕ್ಷಣ ಮಸಿ ಹೀರುತ್ತೆ. ರಂಗೋಲಿ ಎಳೆ ತಪ್ಪಿದ್ರೆ ಒರೆಸಬಹುದು. ಇಲ್ಲಿ ಒರೆಸೋ ಮಾತೇ ಇಲ್ಲ.

ಚೀ ಬೈಶಿ 1864ರಲ್ಲಿ ಹುನಾನ್ ಪ್ರಾಂತ್ಯದ ಬಡ ರೈತರ ಮನೆಯಲ್ಲಿ ಹುಟ್ಟಿದವರು. ಮೊದಲು ಮರಗೆಲಸ. ಪಕ್ಕದ ಚನ್ನಪಟ್ಟಣದಲ್ಲಿ ಹಾಲೆ ಮರದಲ್ಲಿ ಗೊಂಬೆ ಮಾಡೋರನ್ನ ನೋಡಿದವರಿಗೆ ಗೊತ್ತು, ಉಳಿ ಹಿಡಿದ ಕೈಗೆ ಗೆರೆಯ ಹದ ಬೇಗ ಸಿಗತ್ತೆ. ಮನೆಯಲ್ಲಿ ಬಟ್ಟಲಲ್ಲಿ ಸೀಗಡಿ ಸಾಕಿ, ವರ್ಷಗಟ್ಟಲೆ ನೋಡ್ತಾ ಬರೆದ್ರು. ವಯಸ್ಸಾಗ್ತಾ ಸೀಗಡಿಯ ಕಾಲುಗಳನ್ನ ಕಮ್ಮಿ ಮಾಡ್ತಾ ಬಂದ್ರು. ಲೆಕ್ಕ ತಪ್ಪು, ಆದ್ರೆ ಚಿತ್ರ ಇನ್ನಷ್ಟು ಜೀವಂತ. ನನಗೆ ಅತಿ ಇಷ್ಟವಾದ ವಿಷಯ ಇದೇ.

ಎಲ್ಲ ಚಿತ್ರವೂ ಹೀಗೆ ಖುಷಿಯದ್ದಲ್ಲ. ಮಿಂಗ್ ರಾಜಮನೆತನದ ಬಾದಾ ಶಾನ್‌ರೆನ್ (1626–1705) ಬರೆದ ಮೀನು ನೋಡಿ. 1644ರಲ್ಲಿ ಆ ರಾಜ್ಯ ಬಿತ್ತು, ಇವರು ಸನ್ಯಾಸಿ ಆದ್ರು. ಖಾಲಿ ಕಾಗದದ ನಡುವೆ ಒಂಟಿ ಮೀನು, ಕಣ್ಣು ಮೇಲಕ್ಕೆ ಹೊರಳಿಸಿ ಯಾರನ್ನೋ ದುರುಗುಟ್ಟಿ ನೋಡ್ತಿರತ್ತೆ. ಅದೇ ಖಾಲಿ ಜಾಗ, ಆದ್ರೆ ಇಲ್ಲಿ ಅದು ನೀರಲ್ಲ, ಒಂಟಿತನ.

ಸೀಗಡಿ ಚಿತ್ರದ ಖಾಲಿ ಜಾಗ ನೀರು ತಿಳಿಯಾಗಿದೆ ಅಂತ ನಂಬಿ ಬಿಟ್ಟದ್ದು. ಹಾರೋಹಳ್ಳಿ, ಕನಕಪುರ ಕಡೆಯೋರಿಗೆ ಈ ಮಾತು ಸ್ವಲ್ಪ ಚುಚ್ಚಬಹುದು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ಕೆರೆ ದಾಟಿ ಅರ್ಕಾವತಿ ಸೇರುತ್ತೆ. ಆ ನೊರೆಯಲ್ಲಿ ಮೀಸೆ ಬಾಗೋದನ್ನ ಯಾರು ನೋಡ್ತಾರೆ?

ಇನ್ನೊಂದು ಚಿತ್ರ ಹೇಳಿ ಮುಗಿಸ್ತೀನಿ. 1951ರಲ್ಲಿ ಕಾದಂಬರಿಕಾರ ಲಾವ್ ಶ ಒಂದು ಸವಾಲು ಹಾಕಿದ್ರು: ಬೆಟ್ಟದ ತೊರೆಯಿಂದ ಬಹು ದೂರಕ್ಕೆ ಕೇಳೋ ಕಪ್ಪೆಯ ಸದ್ದನ್ನ ಬರೀರಿ ಅಂತ. ಚೀ ಬೈಶಿ ಕಪ್ಪೆಯನ್ನೇ ಬರೀಲಿಲ್ಲ. ಬಂಡೆಗಳ ನಡುವೆ ತೊರೆ, ಅದರಲ್ಲಿ ಕೆಳಕ್ಕೆ ಹರಿದು ಬರೋ ಗೊದಮೊಟ್ಟೆಗಳು. ಕಪ್ಪೆ ಮೇಲೆಲ್ಲೋ ಇದೆ, ಸದ್ದು ನಮಗೇ ಕೇಳಬೇಕು.

ಇವರ ಚಿತ್ರಗಳ ಶೈಲಿಯಲ್ಲೇ 1960ರಲ್ಲಿ ಶಾಂಘೈನ ಸ್ಟುಡಿಯೋ ಒಂದು ಪುಟ್ಟ ಅನಿಮೇಷನ್ ಮಾಡಿದೆ, ಅಮ್ಮನನ್ನ ಹುಡುಕೋ ಗೊದಮೊಟ್ಟೆಗಳ ಕಥೆ. ಭಾಷೆ ಚೀನೀ, ಆದ್ರೂ ಕಥೆ ಅರ್ಥ ಆಗತ್ತೆ. ದಾರಿಯಲ್ಲಿ ಸೀಗಡಿ ಸಿಕ್ಕಾಗ ಅಲ್ಲೇ ಪಾಸ್ ಮಾಡಿ, ಮೀಸೆ ನೋಡಿ, ಇನ್ನೊಂದು ವಾಯ್ಸ್ ನೋಟ್ ಕಳಿಸಿ.