ಚಿತ್ರವೇಕೆ ತಡವರಿಸುತ್ತದೆ?

ಊರಹಬ್ಬದಲ್ಲಿ ಸೋಮನ ಕುಣಿತವನ್ನು ಕಂಡವರು ಬಲ್ಲರು: ವಾದ್ಯದ ಗತಿಗೂ ಸೋಮನ ಹೆಜ್ಜೆಗೂ ಎಳ್ಳಷ್ಟು ಅಂತರ ಬಿದ್ದರೂ ಕುಣಿತದ ಸೊಗಸು ಕೆಡುತ್ತದೆ. ಈಗ ಇಂತಹ ಕುಣಿತವನ್ನು ಕೈಫೋನಿನಲ್ಲಿ ಸೆರೆಹಿಡಿದು, ಮನೆಯ ಕಂಪ್ಯೂಟರಿನಲ್ಲಿ ಕೂಡಿಟ್ಟು, ಅಲ್ಲಿಂದ ವೈ-ಫೈ ಮೂಲಕ ನಡುಮನೆಯ ಟೆಲಿವಿಷನ್ನಿಗೆ ಹರಿಸಿ ಮನೆಮಂದಿಯೆಲ್ಲ ಕುಳಿತು ನೋಡುವುದುಂಟು. ಆಗ ಒಂದು ವಿಚಿತ್ರ ನಡೆಯುತ್ತದೆ. ಸೋಮ ನಿಂತಿರುವಷ್ಟು ಹೊತ್ತು ಚಿತ್ರವು ಕನ್ನಡಿಯಂತೆ ಸ್ವಚ್ಛವಾಗಿರುತ್ತದೆ. ವಾದ್ಯ ಬಿರುಸಾಗಿ ಕುಣಿತ ರಂಗೇರಿದೊಡನೆಯೇ ಚಿತ್ರ ಎಡವತೊಡಗುತ್ತದೆ. ಹೆಜ್ಜೆ ಗಾಳಿಯಲ್ಲಿಯೇ ನಿಂತುಬಿಡುತ್ತದೆ, ಸದ್ದು ಮಾತ್ರ ಮುಂದೆ ಸಾಗುತ್ತದೆ. ನೋಡಬೇಕಾದ ಗಳಿಗೆಯಲ್ಲಿಯೇ ಚಿತ್ರವು ಕೈಕೊಡುವುದೇಕೆ?

ಇದಕ್ಕೆ ಸಾಮಾನ್ಯವಾಗಿ ಎರಡು ಮದ್ದುಗಳನ್ನು ಹೇಳುವುದುಂಟು: ಹೆಚ್ಚು ವೇಗದ ಇಂಟರ್ನೆಟ್ ಚಂದಾ, ಇಲ್ಲವೆ ಹೊಸ ಟೆಲಿವಿಷನ್. ಎರಡಕ್ಕೂ ಹಣ ಬೇಕು. ಮೊದಲನೆಯದಂತೂ ಈ ರೋಗಕ್ಕೆ ಮದ್ದೇ ಅಲ್ಲ. ಕಂಪ್ಯೂಟರ್ ಇರುವುದು ಮನೆಯೊಳಗೆ, ಟೆಲಿವಿಷನ್ ಇರುವುದೂ ಮನೆಯೊಳಗೆ. ಚಿತ್ರವು ಹೊಸಿಲನ್ನೇ ದಾಟದಿರುವಾಗ ಬೀದಿಯಲ್ಲಿ ಬರುವ ತಂತಿಯ ವೇಗವನ್ನು ಹೆಚ್ಚಿಸಿ ಫಲವೇನು? ಕೊರತೆ ಎಲ್ಲಿದೆಯೆಂಬುದನ್ನು ಮೊದಲು ಹುಡುಕಬೇಕು. ಈ ಹುಡುಕಾಟಕ್ಕೆ ಬೇಕಾದುದು ಪ್ರೌಢಶಾಲೆಯ ಗುಣಾಕಾರ, ಭಾಗಾಕಾರ ಮತ್ತು ಸ್ವಲ್ಪ ತಾಳ್ಮೆ.

1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರದಲ್ಲಿ ಇಂತಹದೊಂದು ಮನೆಯನ್ನು ಊಹಿಸಿಕೊಳ್ಳೋಣ. ಆ ಸೀಮೆಯವರಿಗೆ ಹರಿವಿನ ಲೆಕ್ಕ ಹೊಸದಲ್ಲ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯು ಮಂಡ್ಯದ ಬಯಲನ್ನು ನೆನೆಸುತ್ತ ಮದ್ದೂರು, ಮಳವಳ್ಳಿಗಳ ಕಡೆಗೆ ಬರುತ್ತದೆ. ನಾಲೆಯ ಕೊನೆಯ ಭಾಗದ ರೈತರು ತಮಗೆ ನೀರು ಮುಟ್ಟಲಿಲ್ಲವೆಂದು ದೂರುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಗದ್ದೆ ಒಣಗಿದಾಗ ಕಾರಣ ನಾಲ್ಕು ಕಡೆ ಇರಬಹುದು: ಜಲಾಶಯದಲ್ಲಿ ನೀರಿಲ್ಲದಿರಬಹುದು, ತೂಬು ಸರಿಯಾಗಿ ತೆರೆಯದಿರಬಹುದು, ನಾಲೆಯಲ್ಲಿ ಹೂಳು ತುಂಬಿರಬಹುದು, ಗದ್ದೆಯ ಬದಿಯ ಕಾಲುವೆಯೇ ಕಟ್ಟಿಕೊಂಡಿರಬಹುದು. ನಮ್ಮ ಮನೆಯೊಳಗಿನ ಚಿತ್ರದ ನಾಲೆಗೂ ಇವೇ ನಾಲ್ಕು ಸ್ಥಾನಗಳು: ಕಡತವನ್ನು ಕೂಡಿಟ್ಟ ಡಿಸ್ಕು, ಅದನ್ನು ಹೊರಗೆ ಬಿಡುವ ಸರ್ವರ್ ತಂತ್ರಾಂಶ, ವೈ-ಫೈ ಅಥವಾ ತಂತಿಯ ದಾರಿ, ಕೊನೆಗೆ ಟೆಲಿವಿಷನ್. ಡಿಸ್ಕನ್ನು ಬಹುಮಟ್ಟಿಗೆ ನಿರ್ದೋಷಿಯೆಂದೇ ಬಿಟ್ಟುಬಿಡಬಹುದು. ಸಾಧಾರಣವಾದ ಡಿಸ್ಕು ಕೂಡ ಚಿತ್ರಕ್ಕೆ ಬೇಕಾದುದರ ಹತ್ತು ಪಟ್ಟು ವೇಗದಲ್ಲಿ ಓದಿಕೊಡಬಲ್ಲುದು.

ಬೇಕಾದುದೆಷ್ಟು ಎಂಬುದನ್ನು ಈಗ ಎಣಿಸೋಣ. 4ಕೆ ಎಂದು ಕರೆಯುವ ಚಿತ್ರದಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಬಿಂದುಗಳಿರುವುವು, ಒಟ್ಟು 82,94,400. ಪ್ರತಿಯೊಂದು ಬಿಂದುವಿನ ಬಣ್ಣವನ್ನು ಹೇಳಲು 24 ಬಿಟ್‌ಗಳು ಬೇಕೆಂದಿಟ್ಟುಕೊಂಡರೆ ಒಂದು ಚಿತ್ರಕ್ಕೆ ಸುಮಾರು 20 ಕೋಟಿ ಬಿಟ್‌ಗಳಾದುವು. ಸೆಕೆಂಡಿಗೆ 60 ಚಿತ್ರಗಳಂತೆ ಓಡಿಸಬೇಕಾದರೆ ಸುಮಾರು 1,194 ಕೋಟಿ! ಇದನ್ನು ಹೊರಬಲ್ಲ ವೈ-ಫೈ ಯಾವ ಮನೆಯಲ್ಲಿಯೂ ಇಲ್ಲ. ಆದರೆ ಇಂದಿನ ಒಂದು ಒಳ್ಳೆಯ ಫೋನು ಇದೇ ಚಿತ್ರವನ್ನು ನಿಮಿಷಕ್ಕೆ ಸುಮಾರು 400 ಮೆಗಾಬೈಟಿನಲ್ಲಿ ಅಡಗಿಸುತ್ತದೆ. ಎಂಟರಿಂದ ಗುಣಿಸಿ ಅರವತ್ತರಿಂದ ಭಾಗಿಸಿರಿ: ಸೆಕೆಂಡಿಗೆ 53 ಮೆಗಾಬಿಟ್, ಎಂದರೆ ಮೂಲದ ಸುಮಾರು 220ರಲ್ಲಿ ಒಂದು ಪಾಲು ಮಾತ್ರ.

ಈ ಅಡಕದ ಹಿಂದೆ ಬೆಂಗಳೂರಿನ ಒಬ್ಬರ ಬುದ್ಧಿಶಕ್ತಿಯಿದೆ. 1940ರಲ್ಲಿ ಅಲ್ಲಿ ಜನಿಸಿದ ನಾಸಿರ್ ಅಹ್ಮದ್ ಅವರು, ಇಂದು ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. ಯಾವುದೇ ಚಿತ್ರದ ಸಣ್ಣ ತುಣುಕನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು. ಹಾಗೆ ಬರೆದಾಗ ತಿರುಳೆಲ್ಲವೂ ಕೆಲವೇ ದೊಡ್ಡ ಅಲೆಗಳಲ್ಲಿ ಕೂಡಿಕೊಳ್ಳುವುದರಿಂದ, ಕಣ್ಣಿಗೆ ಕಾಣದ ಸಣ್ಣ ಅಲೆಗಳನ್ನು ಕೈಬಿಟ್ಟರೂ ನಷ್ಟವಿಲ್ಲ. ಈ ವಿಚಾರದ ಅಧ್ಯಯನಕ್ಕಾಗಿ 1972ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವನ್ನು ಕೇಳಿದಾಗ, ಇದು ತೀರ ಸರಳವೆಂಬ ಟೀಕೆ ಬಂದು ಅರ್ಜಿ ತಿರಸ್ಕೃತವಾಯಿತು. ಆದರೂ ಬಿಡದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಇಂದು ಚಿತ್ರವನ್ನು ಅಡಕಗೊಳಿಸುವ ಪ್ರಮುಖ ವಿಧಾನಗಳಾದ ಎಚ್.264, ಎಚ್.265ಗಳ ಹೃದಯದಲ್ಲಿರುವುದು ಆ ‘ತೀರ ಸರಳ’ವಾದ ಗಣಿತದ ರೂಪಾಂತರವೇ.

ಅಡಕದ ಇನ್ನೊಂದು ಉಪಾಯವು ನಮ್ಮ ಮೊದಲ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ. ಪ್ರತಿಯೊಂದು ಚಿತ್ರವನ್ನೂ ಪೂರ್ಣವಾಗಿ ಕಳುಹಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣಚಿತ್ರವನ್ನು ಕಳುಹಿಸಿ, ನಡುವೆ ಬದಲಾದುದನ್ನು ಮಾತ್ರ ಹೇಳುತ್ತಾರೆ. ಸೋಮ ನಿಂತಿರುವಾಗ ಬದಲಾಗುವುದು ಅತ್ಯಲ್ಪ. ಕುಣಿತ ಏರಿದಾಗ ಬಣ್ಣದ ಸೀರೆ, ಸೋಮನ ಮುಖ, ಎದ್ದ ಧೂಳು, ಹಿಂದಿನ ಜನಸಮೂಹ ಎಲ್ಲವೂ ಏಕಕಾಲದಲ್ಲಿ ಬದಲಾಗುವುವು. ಆಗ ಸರಾಸರಿ 53 ಮೆಗಾಬಿಟ್‌ನ ಪ್ರವಾಹವು ಕ್ಷಣಕಾಲ ಅದನ್ನು ಬಹಳವಾಗಿ ಮೀರಿ ಉಕ್ಕಬಹುದು. ಆದುದರಿಂದ ಸರಾಸರಿಯನ್ನು ನೋಡಿ ದಾರಿಯ ಅಗಲವನ್ನು ಗೊತ್ತುಮಾಡುವುದು ಲೇಸಲ್ಲ.

ಇಂತಹ ಏರಿಳಿತವನ್ನು ತಾಳಿಕೊಳ್ಳಲೆಂದೇ ಟೆಲಿವಿಷನ್ನಿನಲ್ಲಿ ಬಫರ್ ಎಂಬ ಕೆರೆಯೊಂದಿದೆ. ಬರುವ ಬಿಟ್‌ಗಳು ಅದರಲ್ಲಿ ತುಂಬಿಕೊಂಡು ಚಿತ್ರಕ್ಕೆ ಬೇಕಾದಂತೆ ಹೊರಬೀಳುವುವು. ಆದರೆ ಕೆರೆಯು ತಾತ್ಕಾಲಿಕ ಕೊರತೆಯನ್ನು ನೀಗಿಸಬಲ್ಲುದೇ ಹೊರತು ನಿರಂತರ ಕೊರತೆಯನ್ನಲ್ಲ. ಬೇಕಾದುದು 53 ಮೆಗಾಬಿಟ್, ವೈ-ಫೈ ತರುತ್ತಿರುವುದು 40 ಎಂದು ತಿಳಿಯೋಣ. ಕೆರೆಯ ಅಳತೆ 50 ಮೆಗಾಬೈಟ್, ಎಂದರೆ 400 ಮೆಗಾಬಿಟ್. ಸೆಕೆಂಡಿಗೆ 13ರಂತೆ ಬರಿದಾಗುತ್ತ ಅದು ಸುಮಾರು 31 ಸೆಕೆಂಡಿನಲ್ಲಿ ತಳ ಕಾಣುತ್ತದೆ. ಚಿತ್ರ ನಿಲ್ಲುತ್ತದೆ, ಮತ್ತೆ ತುಂಬಲು 10 ಸೆಕೆಂಡು ಬೇಕು, ಮತ್ತೆ ಅರ್ಧ ನಿಮಿಷ ಓಟ, ಮತ್ತೆ ನಿಲುಗಡೆ. ಗಡಿಯಾರವನ್ನು ಹಿಡಿದು ನೋಡಿರಿ. ನಿಲುಗಡೆಗಳು ಹೀಗೆ ಹೆಚ್ಚುಕಡಮೆ ಸಮ ಅಂತರದಲ್ಲಿ ಬರುತ್ತಿದ್ದರೆ ಕೊರತೆ ನಿರಂತರವಾದುದು. ಕುಣಿತ ಏರಿದಾಗ ಮಾತ್ರ ಬಂದರೆ ಉಕ್ಕಿನದು.

ಮುಂದಿನ ಪರೀಕ್ಷೆಗೆ ಒಂದು ಪೆನ್‌ಡ್ರೈವ್ ಸಾಕು. ಅದೇ ಕಡತವನ್ನು ಅದಕ್ಕೆ ಇಳಿಸಿ ನೇರವಾಗಿ ಟೆಲಿವಿಷನ್ನಿಗೆ ಚುಚ್ಚಿ ನೋಡಬೇಕು. (ಫ್ಯಾಟ್-32 ವಿನ್ಯಾಸದ ಪೆನ್‌ಡ್ರೈವ್ 4 ಗಿಗಾಬೈಟಿಗೆ ಮೀರಿದ ಕಡತವನ್ನು ಒಳಗೆ ಬಿಡದು, ಎಕ್ಸ್‌ಫ್ಯಾಟ್ ವಿನ್ಯಾಸವಾದರೆ ಆ ತೊಡಕಿಲ್ಲ, ಆದರೆ ಟೆಲಿವಿಷನ್ನು ಅದನ್ನು ಓದುವಂತಿರಬೇಕು.) ಇಲ್ಲಿಯೂ ಎಡವಿದರೆ ದೋಷವು ಟೆಲಿವಿಷನ್ನಿನದೇ, ಆ ಬಗೆಯ ಅಡಕವನ್ನು ಬಿಡಿಸುವ ಶಕ್ತಿ ಅದರ ಚಿಪ್ಪಿಗಿಲ್ಲ. ನಿರಾತಂಕವಾಗಿ ಓಡಿದರೆ ಟೆಲಿವಿಷನ್ ಗೆದ್ದಿತು. ಹೊಸದನ್ನು ಕೊಳ್ಳುವ ಮಾತನ್ನು ಅಲ್ಲಿಗೇ ಬಿಡಬಹುದು.

ಇನ್ನುಳಿದುದು ಸರ್ವರ್ ಮತ್ತು ದಾರಿ. ಸರ್ವರ್ ಕೆಲವೊಮ್ಮೆ ಕಡತವನ್ನು ಇದ್ದಂತೆಯೇ ಬಿಡುತ್ತದೆ. ಕೆಲವೊಮ್ಮೆ, ಟೆಲಿವಿಷನ್ನಿಗೆ ಆ ಭಾಷೆ ಬಾರದೆಂದು ಬಗೆದು, ಅಡಕವನ್ನು ಪೂರ್ತಿ ಬಿಡಿಸಿ ಬೇರೊಂದು ಬಗೆಯಲ್ಲಿ ಮತ್ತೆ ಕಟ್ಟಿ ಕಳುಹಿಸುತ್ತದೆ. ಚಿತ್ರರೂಪದ ಅಡಿಬರಹಗಳಿದ್ದರೂ ಹಲವೊಮ್ಮೆ ಹೀಗಾಗುವುದುಂಟು. 4ಕೆ ಚಿತ್ರವನ್ನು ಓಡುತ್ತಿರುವಾಗಲೇ ಮತ್ತೆ ಕಟ್ಟುವುದು ಹಳೆಯ ಕಂಪ್ಯೂಟರಿಗೆ ನುಚ್ಚುನೂರಾಗುವ ದುಡಿಮೆ. ಜೆಲ್ಲಿಫಿನ್, ಪ್ಲೆಕ್ಸ್ ಮೊದಲಾದ ತಂತ್ರಾಂಶಗಳು ತಾವು ಮಾಡುತ್ತಿರುವುದು ಯಾವುದೆಂಬುದನ್ನು ತೋರಿಸುವುವು. ಮರುಕಟ್ಟುವಿಕೆ ನಡೆಯುತ್ತಿದ್ದು ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದ್ದರೆ, ಅಡಿಬರಹವನ್ನು ತೆಗೆದುಹಾಕಿ ನೋಡಬಹುದು. ಇಲ್ಲವೆ ಕಡತವನ್ನು ರಾತ್ರಿಯಿಡೀ ನಿಧಾನವಾಗಿ ಪರಿವರ್ತಿಸಿಡಬಹುದು. ಅವಸರವಿಲ್ಲದ ಕೆಲಸಕ್ಕೆ ಹಳೆಯ ಯಂತ್ರವೂ ಸಾಲುತ್ತದೆ.

ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುವುದು ವೈ-ಫೈ. ಅದರ 2.4 ಗಿಗಾಹರ್ಟ್ಸ್ ಅಲೆಗಳ ಉದ್ದ 12.5 ಸೆಂಟಿಮೀಟರ್. ಇವು ಗೋಡೆಯನ್ನು ಚೆನ್ನಾಗಿ ದಾಟುವುವು. ಆದರೆ ನೆರೆಮನೆಯವರ ರೂಟರ್‌ಗಳೂ ಬ್ಲೂಟೂತೂ ಮೈಕ್ರೋವೇವ್ ಒಲೆಯೂ ಅದೇ ಓಣಿಯಲ್ಲಿ ಸೇರಿಕೊಂಡಿರುವುವು. ಸುಮಾರು 6 ಸೆಂಟಿಮೀಟರಿನ 5 ಗಿಗಾಹರ್ಟ್ಸ್ ಅಲೆಗಳ ಓಣಿ ವಿಶಾಲವಾದುದು, ಆದರೆ ದಪ್ಪ ಗೋಡೆ ಅವನ್ನು ಬೇಗ ನುಂಗುತ್ತದೆ. ಕಬ್ಬಿಣದ ಬೀರು ಅಡ್ಡ ನಿಂತರೆ ಹೇಳುವುದೇ ಬೇಡ. ಮೇಲಾಗಿ ಒಂದು ಚಾನೆಲಿನಲ್ಲಿ ಒಮ್ಮೆಗೆ ಒಬ್ಬರೇ ಮಾತನಾಡಬೇಕು. ನಾಲೆಯ ನೀರನ್ನು ಕಟ್ಟು ಪದ್ಧತಿಯಲ್ಲಿ ಸರದಿಯಂತೆ ಬಿಡುವಂತೆಯೇ ಇಲ್ಲಿಯೂ ಸರದಿ. ಕೊಟ್ಟಿಗೆಯ ಮೂಲೆಯಲ್ಲಿರುವ ದುರ್ಬಲ ಸಂಕೇತದ ಫೋನೊಂದು ನಿಧಾನವಾಗಿ ಮಾತನಾಡಿದರೆ, ಅದರ ಸರದಿ ಮುಗಿಯುವವರೆಗೆ ಟೆಲಿವಿಷನ್ ಕಾಯಬೇಕು. ಸಂಕೇತವನ್ನು ಹಿಡಿದು ಮತ್ತೆ ಬಿತ್ತರಿಸುವ ಅಗ್ಗದ ರಿಪೀಟರ್, ಅದೇ ಚಾನೆಲಿನಲ್ಲಿ ಒಂದೇ ಮಾತನ್ನು ಎರಡು ಸಲ ಆಡುವುದರಿಂದ, ವೇಗವನ್ನು ಹೆಚ್ಚುಕಡಮೆ ಅರ್ಧಕ್ಕಿಳಿಸುತ್ತದೆ. ರೂಟರಿನ ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಅಂಕಿಯು ಇವುಗಳಲ್ಲಿ ಒಂದನ್ನೂ ಲೆಕ್ಕಕ್ಕೆ ಹಿಡಿದುದಲ್ಲ.

ಉತ್ತಮ ಪರಿಹಾರವೆಂದರೆ ತಂತಿಯೇ. ಕಂಪ್ಯೂಟರನ್ನಾದರೂ ತಂತಿಯಿಂದ ರೂಟರಿಗೆ ಜೋಡಿಸಿದರೆ ಗಾಳಿಯಲ್ಲಿ ಆಗುವ ಎರಡು ಪಯಣಗಳಲ್ಲಿ ಒಂದು ಉಳಿಯುತ್ತದೆ. ಕ್ಯಾಟ್-5ಇ ಬಗೆಯ ತಂತಿ 100 ಮೀಟರ್ ದೂರಕ್ಕೆ ಸೆಕೆಂಡಿಗೆ 1,000 ಮೆಗಾಬಿಟ್ ಒಯ್ಯಬಲ್ಲುದು. ಅದರಲ್ಲಿ ನಾಲ್ಕು ಜೋಡಿ ಎಳೆಗಳಿದ್ದು, ಇಲಿ ಕಡಿದು ಒಂದು ಎಳೆ ತುಂಡಾದರೂ ವೇಗವು ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ಇನ್ನೊಂದು ಸೋಜಿಗ: ಎಷ್ಟೋ ಟೆಲಿವಿಷನ್ನುಗಳ ತಂತಿಯ ಕಿಂಡಿಯೇ 100 ಮೆಗಾಬಿಟ್‌ನದು. ನಮ್ಮ 53ಕ್ಕೆ ಅದು ಧಾರಾಳವಾಯಿತು. ಆದರೆ 4ಕೆ ಬ್ಲೂ-ರೇ ಮಟ್ಟದ ಕಡತಗಳು ಉಕ್ಕಿದಾಗ 100ನ್ನು ದಾಟುವುದುಂಟು. ಅಂತಹ ಸಂದರ್ಭದಲ್ಲಿ ಅದೇ ಟೆಲಿವಿಷನ್ನಿಗೆ, ರೂಟರ್ ಹತ್ತಿರವಿದ್ದರೆ, 5 ಗಿಗಾಹರ್ಟ್ಸ್‌ನ ವೈ-ಫೈಯೇ ತಂತಿಗಿಂತ ಮೇಲು.

ಇಷ್ಟೆಲ್ಲ ಸರಿಯಾದ ಮೇಲೂ ಉಳಿಯುವ ಒಂದು ಬಗೆಯ ನಡುಕವಿದೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳದು. ಟೆಲಿವಿಷನ್ ತೆರೆ ಬಹುಮಟ್ಟಿಗೆ ಸೆಕೆಂಡಿಗೆ 60 ಸಲ ಹೊಸದಾಗುವಂತಹುದು. ಅರವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸುವುದು ಸಾಧ್ಯವಿಲ್ಲದ್ದರಿಂದ ಒಂದು ಚಿತ್ರವನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತ ಹೋಗುತ್ತದೆ. ಕ್ಯಾಮೆರಾ ನಿಧಾನವಾಗಿ ಎಡದಿಂದ ಬಲಕ್ಕೆ ಹೊರಳುವಾಗ ಕಾಣುವ ಕುಂಟುನಡಿಗೆ ಇದೇ. ಇಲ್ಲಿ ಬಿಟ್‌ಗಳ ಕೊರತೆ ಎಳ್ಳಷ್ಟೂ ಇಲ್ಲ. ದಾರಿಯನ್ನು ಎಷ್ಟು ಅಗಲ ಮಾಡಿದರೂ ಅದು ಹೋಗದು. ಟೆಲಿವಿಷನ್ನಿನ ಅಥವಾ ಜೋಡಿಸಿದ ಪೆಟ್ಟಿಗೆಯ ಏರ್ಪಾಡುಗಳ ಪಟ್ಟಿಯಲ್ಲಿ ತೆರೆಯ ವೇಗವನ್ನು ಚಿತ್ರದ ವೇಗಕ್ಕೆ ಹೊಂದಿಸುವ ಆಯ್ಕೆಯಿದ್ದರೆ ಅದನ್ನು ಒತ್ತಿದರಾಯಿತು. ತೆರೆಯು 24ಕ್ಕೋ ಅದರ ಗುಣಕಕ್ಕೋ ಬದಲಾಗಿ, ಪ್ರತಿ ಚಿತ್ರವೂ ಸಮಾನ ಹೊತ್ತು ನಿಲ್ಲುತ್ತದೆ.